ಸೀಸೆಯಪ್ಪನವರು ತಂದ ಟೇಪು

ಸೀಸೆಯಪ್ಪ ಎಂಬ ಅಡ್ಡಹೆಸರು ಕೇಳಿದ ಹೊಸಬರು ಅವರೊಡನೆ ಮಾತಾಡುವಾಗ ಒಂದು ಸಲವಾದರೂ ಮೂಗರಳಿಸಿ ವಾಸನೆ ನೋಡುತ್ತಿದ್ದರು. ಪಾಪ, ಆ ಮನುಷ್ಯ ಜನ್ಮದಲ್ಲಿ ಚಹಾಕ್ಕಿಂತ ಗಟ್ಟಿಯಾದದ್ದನ್ನು ಕುಡಿದವರಲ್ಲ. ಅವರ ಸೀಸೆಗಳೇ ಬೇರೆ. ಕಲ್ಲು, ಮಣ್ಣು, ನೀರಿನಲ್ಲಿರುವ ಯುರೇನಿಯಂ ಅಳೆಯುವ ಪ್ರಯೋಗಾಲಯದಲ್ಲಿ ಅವರಿಗೆ ಕೆಲಸ. ಕಾರಿಡಾರಿನ ಕೊನೆಯ ಕೋಣೆಯಲ್ಲಿ ಒಂದು ಉಕ್ಕಿನ ಕಪಾಟು, ಅದರೊಳಗೆ ಹೆಬ್ಬೆರಳೆತ್ತರದ ಸೀಸೆಗಳು, ಪ್ರತಿ ಸೀಸೆಗೂ ಒಂದು ಸರ್ಟಿಫಿಕೇಟು. ಕಪಾಟಿನ ಬೀಗದ ಕೈ ಇವರ ಬೆಲ್ಟಿನಲ್ಲಿ. ಯಾರೇ ಆ ಕೋಣೆಗೆ ಕಾಲಿಟ್ಟರೂ ಇವರು ಆಡುತ್ತಿದ್ದ ಮೊದಲ ಮಾತು, "ಕೈ ಹಿಂದೆ ಕಟ್ಕೊಳ್ಳಿ." ಎರಡನೆಯದು, "ಮುಟ್ಟಿದ್ರೆ ಕೈ ಮುರೀತೀನಿ." ಪ್ರಯೋಗಾಲಯದ ಮುಖ್ಯಸ್ಥರಿಗೂ ಇದೇ ಮಾತು, ಕೊನೆಗೊಂದು 'ಸರ್' ಸೇರಿಸಿ.

ಸೀಸೆಗಳಲ್ಲಿದ್ದದ್ದು ಬಂಗಾರವೇನಲ್ಲ, ಅಳತೆ ಗೊತ್ತಿರುವ ಯುರೇನಿಯಂ. ಯುರೇನಿಯಂನಲ್ಲಿ ಮುಖ್ಯವಾಗಿ ಎರಡು ಬಗೆಯ ಪರಮಾಣುಗಳು, ಒಂದು ಭಾರದ್ದು, ಇನ್ನೊಂದು ಸ್ವಲ್ಪ ಹಗುರ. ಹಗುರದ್ದು ಒಂದಿದ್ದರೆ ಭಾರದ್ದು ನೂರ ಮೂವತ್ತೇಳು ಚಿಲ್ಲರೆ. ಆ ಚಿಲ್ಲರೆ ಎಷ್ಟು ಎಂದು ನೋಡುವ ಯಂತ್ರ ಒಂದು ಕೋಣೆಯನ್ನೇ ನುಂಗಿ ಕೂತಿತ್ತು. ಆದರೆ ಅದು ಮಹಾ ಚಂಚಲ. ಬೆಳಿಗ್ಗೆ ಒಂದು ಹೇಳಿದರೆ ಮಧ್ಯಾಹ್ನ ಸೆಕೆಯಾದಾಗ ಇನ್ನೊಂದು ಹೇಳುತ್ತಿತ್ತು. ಆದ್ದರಿಂದ ಮೊದಲು ಗೊತ್ತಿರುವ ಸೀಸೆಯ ಹನಿ, ಆಮೇಲೆ ಗೊತ್ತಿಲ್ಲದ ಕಲ್ಲಿನದು, ಆಮೇಲೆ ಮತ್ತೆ ಸೀಸೆಯದು. ಹಿಂದೆಯೂ ಮುಂದೆಯೂ ಸೀಸೆ ಸರಿಯಾಗಿ ಸಾಕ್ಷಿ ಹೇಳಿದರೆ ನಡುವಿನ ಕಲ್ಲಿನ ಮಾತನ್ನೂ ನಂಬಬಹುದು. ಗೊತ್ತಿರುವ ಆ ಸೀಸೆಗೆ ಅಲ್ಲಿಯವರು ಸ್ಟ್ಯಾಂಡರ್ಡ್ ಎನ್ನುತ್ತಿದ್ದರು.

ಈ ಪದ್ಧತಿ ಸೀಸೆಯಪ್ಪನವರ ರಕ್ತಕ್ಕೇ ಇಳಿದುಬಿಟ್ಟಿತ್ತು. ನೆಂಟರ ಮನೆಗೆ ಹೊರಟರೆ ಚೀಲದಲ್ಲಿ ಮನೆಯ ಚಹಾದ ಫ್ಲಾಸ್ಕು ಇರಲೇಬೇಕು. ಮನೆಯ ಚಹಾ ಒಂದು ಗುಟುಕು, ನೆಂಟರದು ಒಂದು ಗುಟುಕು, ಮತ್ತೆ ಮನೆಯದು ಒಂದು ಗುಟುಕು. ಆಮೇಲೆ ತೀರ್ಪು: "ಸಕ್ಕರೆ ಒಂಚೂರು ಮುಂದಿದೆ, ಅಷ್ಟೇ." ಹೆಂಡತಿಯ ಚಿಕ್ಕಮ್ಮ ಒಂದು ಸಲ ರೇಗಿ, "ನಾವು ಹುಡುಗಿ ಕೊಟ್ಟಿದ್ದು ಮನುಷ್ಯಂಗಾ, ಫ್ಲಾಸ್ಕಿಗಾ?" ಎಂದು ಎದ್ದು ಒಳಗೆ ಹೋಗಿದ್ದರು.

ಇಂಥವರ ಬಾಳಿನ ನಡುಗಂಬ ಒಂದು ಸಂಖ್ಯೆ: ನೂರ ಮೂವತ್ತೇಳು ಪಾಯಿಂಟ್ ಎಂಟು ಎಂಟು. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಪುಸ್ತಕಗಳೆಲ್ಲ ಒಂದೇ ಬಾಯಲ್ಲಿ ಹೇಳುತ್ತಿದ್ದದ್ದು ಇದನ್ನೇ. ಬೆಟ್ಟದ ಮೇಲಿನದಾಗಲಿ, ಬಾವಿಯ ತಳದ್ದಾಗಲಿ, ನೈಸರ್ಗಿಕ ಯುರೇನಿಯಂ ಎಂದರೆ ಭಾರಕ್ಕೂ ಹಗುರಕ್ಕೂ ಇರುವ ಪ್ರಮಾಣ ಇಷ್ಟೇ, ಬದಲಾಗುವ ಮಾತಿಲ್ಲ. ಸೀಸೆಯಪ್ಪನವರು ಈ ಸಂಖ್ಯೆಯನ್ನು ಹೆತ್ತಪ್ಪನ ಹೆಸರಿನ ಹಾಗೆ ನಂಬಿದ್ದರು. ಸರ್ಕಾರ ಬದಲಾಯಿತು, ಬಸ್ಸಿನ ದಾರಿ ಬದಲಾಯಿತು, ಅವರ ತಲೆಯ ಮೇಲಿನ ಕೂದಲಂತೂ ಹೇಳದೆ ಕೇಳದೆ ಹೋಯಿತು. ಎಂಬತ್ತೆಂಟು ಮಾತ್ರ ಕದಲಲಿಲ್ಲ.

ಆಮೇಲೆ ಯಂತ್ರಗಳು ಚುರುಕಾದವು. ಲೋಕದ ನಾಲ್ಕಾರು ಕಡೆ ಜನ ಇನ್ನೂ ಕಣ್ಣು ಕಿರಿದು ಮಾಡಿ ನೋಡಿದರು. ಒಂದೇ ಎಂದುಕೊಂಡದ್ದು ಒಂದೇ ಅಲ್ಲ ಎಂದು ಗೊತ್ತಾಯಿತು. ಗಾಳಿಯಾಡದ ಕೆಸರಿನಲ್ಲಿ ಕೂತ ಯುರೇನಿಯಂಗೆ ಒಂದು ಚಿಲ್ಲರೆ, ಸಮುದ್ರದ ನೀರಿನದಕ್ಕೆ ಇನ್ನೊಂದು. ವ್ಯತ್ಯಾಸ ಕೂದಲೆಳೆಯಷ್ಟು, ಆದರೆ ಇದ್ದದ್ದು ಇದ್ದದ್ದೇ. ಅದೂ ಸಾಲದೆಂದು ಸ್ಟ್ಯಾಂಡರ್ಡುಗಳನ್ನೇ ಮತ್ತೆ ಅಳೆದು, ಎಂಬತ್ತೆಂಟು ಎಂದದ್ದು ಸ್ವಲ್ಪ ಜಾಸ್ತಿಯಾಯಿತು, ನಿಜವಾದದ್ದು ಇನ್ನೂ ಕೆಳಗೆ, ಎಂಬತ್ಮೂರರ ಆಸುಪಾಸಿನಲ್ಲಿದೆ ಎಂದರು.

ಹೊಸ ಸರ್ಟಿಫಿಕೇಟು ಬಂದ ದಿನ ಸೀಸೆಯಪ್ಪನವರಿಗೆ ಊಟ ಸೇರಲಿಲ್ಲ. ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದವರನ್ನು ನೋಡಿ ಹೆಂಡತಿ ಗಾಬರಿಯಾದರು.

"ಯಾಕ್ರೀ, ಯಾರಾದ್ರೂ ಹೋಗ್ಬಿಟ್ರಾ?"

"ಎಂಬತ್ತೆಂಟು ಹೋಯ್ತು ಕಣೇ."

"ಎಂಬತ್ತೆಂಟಾ? ಅಯ್ಯೋ, ತುಂಬು ಜೀವನ ಬಿಡಿ. ಊಟ ಮಾಡಿ."

ವಿಷಯ ಬಿಡಿಸಿ ಹೇಳಿದ ಮೇಲೂ ಆಕೆಗೆ ದುಃಖ ಬರಲಿಲ್ಲ. ಆಫೀಸಿನ ಕಿರಿಯರಂತೂ, "ಇನ್ಮೇಲೆ ಮೇಜಿನ ಮೇಲೆ ಎಂಬತ್ಮೂರು ಅಂತ ಬೋರ್ಡ್ ಹಾಕೋಣ್ವಾ ಸರ್?" ಎಂದು ಗಾಯದ ಮೇಲೆ ಬರೆ ಎಳೆದರು. ಸೀಸೆಯಪ್ಪನವರು ಒಂದು ವಾರ ಮುಖ ಊದಿಸಿಕೊಂಡು ಓಡಾಡಿದರು. ತಾವೇ ಕಪಾಟಿನ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತು, ನೀವೂ ನನಗೆ ಮೋಸ ಮಾಡಿದಿರಾ ಎಂಬಂತೆ ಸೀಸೆಗಳನ್ನು ದುರುಗುಟ್ಟಿದರು. ಕೊನೆಗೆ ತಾವೇ ಯಂತ್ರದ ಮುಂದೆ ಕೂತು, ತಮ್ಮ ಕೈಯಾರೆ ಅಳೆದು ನೋಡಿದರು. ಹೊಸಬರು ಹೇಳಿದ್ದೇ ಸರಿ. ಅಷ್ಟಾದದ್ದೇ ತಡ, ಅವರು ಪಕ್ಷಾಂತರ ಮಾಡಿದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. "ಯಾವ ಅಳತೆಯನ್ನೂ ಹಳೇದು ಅಂತ ನಂಬಬಾರದು" ಎನ್ನುವುದು ಅವರ ಹೊಸ ಮಂತ್ರವಾಯಿತು. ಆಫೀಸಿನ ಗೋಡೆ ಗಡಿಯಾರ, ಮೂಲೆ ಅಂಗಡಿಯ ತಕ್ಕಡಿ, ಪಕ್ಕದ ಮನೆಯವರ ಥರ್ಮಾಮೀಟರು, ಒಂದನ್ನೂ ಬಿಡದೆ ಪರೀಕ್ಷೆ ಮಾಡಿ ಎಲ್ಲರ ಕೈಯಲ್ಲೂ ಬೈಸಿಕೊಂಡರು. ಕೊನೆಗೆ ಅವರ ಕಣ್ಣು ಮನೆಯೊಳಗಿನ ಟೇಪಿನ ಮೇಲೆ ಬಿತ್ತು.

ಮನೆಯ ಮುಂಭಾಗದ ಕೋಣೆಯಲ್ಲಿ ಅವರ ಹೆಂಡತಿಯ ಹೊಲಿಗೆ ಅಂಗಡಿ. ಬೀದಿಗೆ ತೆರೆಯುವ ಷಟರು, ಒಂದು ಹಳೆಯ ಮೆಷಿನ್ನು, ಕತ್ತರಿಸಲು ಉದ್ದ ಮೇಜು, ಬಾಗಿಲಿನಷ್ಟು ಎತ್ತರದ ಕನ್ನಡಿ. ಬೀದಿಯವರೆಲ್ಲ ಆಕೆಯನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಗಟ್ಟಿ ಗಂಟಲು, ಗಟ್ಟಿ ಹೊಲಿಗೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಸ್ವಭಾವ. ಆಕೆಯ ಕೊರಳಲ್ಲಿ ಸದಾ ಒಂದು ಹಳದಿ ಟೇಪು ನೇತಾಡುತ್ತಿತ್ತು. ಹೊಲಿಗೆ ಕಲಿಸಿದ ಟೀಚರಮ್ಮ ಕೊಟ್ಟದ್ದು. ಎಷ್ಟು ಜನರ ಸುತ್ತಳತೆ ಕಂಡಿತ್ತೋ, ಎಷ್ಟು ಸಲ ಜಗ್ಗಿಸಿಕೊಂಡಿತ್ತೋ, ಅದರ ಅಂಚುಗಳು ನೂಲುಬಿಟ್ಟಿದ್ದವು.

ಆಕೆ ಸ್ನಾನಕ್ಕೆ ಹೋದಾಗ ಸೀಸೆಯಪ್ಪನವರು ಟೇಪನ್ನು ಆಫೀಸಿನಿಂದ ತಂದ, ಸುರುಳಿ ಸುತ್ತುವ ಉಕ್ಕಿನ ಅಳತೆಪಟ್ಟಿಯ ಪಕ್ಕ ಮಲಗಿಸಿ ನೋಡಿದರು. ನೋಡಿ ಹೌಹಾರಿದರು. ನೋಡಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವರು ಅದನ್ನು ಹೇಳಿದ್ದು ಅಂಗಡಿಯಲ್ಲಿ, ಗಿರಾಕಿಯ ಎದುರು. ಶಾಲೆಯ ಹೆಡ್‌ಮಿಸ್ಸು ಕೈ ಎತ್ತಿ ನಿಂತಿದ್ದರು, ಟೈಲರಮ್ಮ ಅವರ ಸೊಂಟ ಅಳೆಯುತ್ತಿದ್ದರು.

"ನಿನ್ನ ಟೇಪು ಹಿಗ್ಗಿದೆ ಕಣೇ. ಅದು ನಲವತ್ತು ಅಂದ್ರೆ ನಿಜವಾಗಿ ನಲವತ್ತೊಂದೂವರೆ ಇಂಚು."

ಹೆಡ್‌ಮಿಸ್ಸು ಎತ್ತಿದ ಕೈ ಇಳಿಸದೆ ಕೇಳಿದರು, "ಹಾಗಾದ್ರೆ ಈಗ ನನ್ನ ಸೊಂಟ?"

"ನಿಮ್ದೂ ಅಷ್ಟೇ ಮೇಡಂ. ಅವಳು ಹೇಳಿದ್ದಕ್ಕಿಂತ ಒಂದಿಂಚು ಮೇಲೇ ಇರುತ್ತೆ."

ಹೆಡ್‌ಮಿಸ್ಸು ಬಟ್ಟೆಯ ಚೀಲ ಎತ್ತಿಕೊಂಡು ಎದುರಿನ ರೆಡಿಮೇಡ್ ಅಂಗಡಿಗೆ ನಡೆದೇಬಿಟ್ಟರು. ಎದುರಿಗೆ ಹೊಸದಾಗಿ ಗಾಜಿನ ಬಾಗಿಲಿನ ಆ ಅಂಗಡಿ ಬಂದಾಗಿನಿಂದ ಟೈಲರಮ್ಮನ ಗಿರಾಕಿಗಳು ಹೀಗೇ ಒಬ್ಬೊಬ್ಬರಾಗಿ ದಾಟಿಹೋಗುತ್ತಿದ್ದರು. ಈಗ ಗಂಡನೇ ಕೈಹಿಡಿದು ರಸ್ತೆ ದಾಟಿಸಿದಂತಾಯಿತು.

"ಈ ಟೇಪಲ್ಲಿ ನಾನು ಹೊಲಿದಿದ್ದು ಯಾವತ್ತಾದ್ರೂ ಯಾರಿಗಾದ್ರೂ ಬಿಗಿ ಆಗಿದ್ಯೇನ್ರೀ?" ಎಂದು ಟೈಲರಮ್ಮ ಸೊಂಟದ ಮೇಲೆ ಕೈಯಿಟ್ಟರು.

"ಇಲ್ಲ. ಹೇಗೆ ಆಗುತ್ತೆ? ಮೈ ಅಳೆಯೋದೂ ಅದರಲ್ಲೇ, ಬಟ್ಟೆ ಕತ್ತರಿಸೋದೂ ಅದರಲ್ಲೇ. ಎರಡೂ ಕಡೆ ಅದೇ ಸುಳ್ಳು, ಹಾಗಾಗಿ ಸರಿಹೋಗುತ್ತೆ. ಆದ್ರೆ ಅದು ನಿಜವಾದ ಅಳತೆ ಅಲ್ವಲ್ಲ!"

"ಸರಿಹೋದ್ರೆ ಸಾಕು ನಂಗೆ. ನಿಜ ಕಟ್ಕೊಂಡು ಏನ್ ಮಾಡ್ಲಿ?"

ಮರುದಿನ ಸೀಸೆಯಪ್ಪನವರು ಹೊಸ ಟೇಪು ತಂದರು. ಅಂತಿಂಥದ್ದಲ್ಲ, ಎಷ್ಟು ಜಗ್ಗಿದರೂ ಹಿಗ್ಗದ್ದು, ಪಾರದರ್ಶಕ ಕವರಿನೊಳಗೆ ಅದಕ್ಕೂ ಒಂದು ಪುಟ್ಟ ಸರ್ಟಿಫಿಕೇಟು. ಮದುವೆಯಾದ ಹೊಸದರಲ್ಲಿ ಕಿವಿಯ ಓಲೆ ತಂದಾಗಲೂ ಅವರ ಮುಖ ಅಷ್ಟು ಅರಳಿರಲಿಲ್ಲ. ಟೈಲರಮ್ಮ ಅದನ್ನು ಕವರಿನ ಸಮೇತ ಕನ್ನಡಿಯ ಪಕ್ಕದ ಮೊಳೆಗೆ ನೇತುಹಾಕಿ, "ಇಲ್ಲೇ ಇರ್ಲಿ, ನೋಡೋಕೆ ಚೆನ್ನಾಗಿದೆ. ನಾನಂತೂ ಇದನ್ನ ಮುಟ್ಟೋದಿಲ್ಲ," ಎಂದು ಖಡಾಖಂಡಿತವಾಗಿ ಹೇಳಿದರು. ಸೀಸೆಯಪ್ಪನವರಿಗೆ ನೋವಾಯಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದು ಉಂಡು ಮಲಗಿ ಎದ್ದ ಮೇಲೂ ಮೊಳೆಗೆ ನೇತಾಡುತ್ತಲೇ ಇತ್ತು.

ಹೀಗಿರುವಾಗ ಟೈಲರಮ್ಮನ ತಮ್ಮ ಒಂದು ಒಳ್ಳೆಯ ಸುದ್ದಿ ತಂದ. ಅವನು ಊರಿನ ಬ್ಯಾಂಡ್ ತಂಡದಲ್ಲಿ ದೊಡ್ಡ ಡ್ರಮ್ಮು ಬಾರಿಸುವವನು. ಹೊಸ ರೈಲು ನಿಲ್ದಾಣದ ಉದ್ಘಾಟನೆಗೆ ಬ್ಯಾಂಡು ಬಾರಿಸಬೇಕು, ತಂಡಕ್ಕೆಲ್ಲ ಹೊಸ ಕೆಂಪು ಕೋಟು ಬೇಕು, ಬ್ಯಾಂಡ್ ಮಾಸ್ಟರನ್ನು ಹೇಗೋ ಒಪ್ಪಿಸಿ ಅಕ್ಕನ ಅಂಗಡಿಗೇ ಕೆಲಸ ಕೊಡಿಸಿದ್ದ.

"ಇದೊಂದು ಚೆನ್ನಾಗಿ ಆದ್ರೆ ಅಂಗಡಿ ಉಳಿಯುತ್ತೆ," ಎಂದರು ಟೈಲರಮ್ಮ, ಅವತ್ತು ಊಟ ಬಡಿಸುತ್ತ. ದನಿಯಲ್ಲಿ ಎಂದಿನ ಗಟ್ಟಿತನವಿರಲಿಲ್ಲ. "ಇದೂ ಕೆಟ್ರೆ ಷಟರ್ ಎಳೆದುಬಿಡ್ತೀನಿ. ಖಾಲಿ ಅಂಗಡೀಲಿ ಕೂತು ಎದುರಿನ ಗಾಜಿನ ಬಾಗಿಲು ನೋಡೋ ಶಕ್ತಿ ನಂಗಿಲ್ಲ."

ಆ ಮೆಷಿನ್ನಿನ ಸದ್ದಿಲ್ಲದ ಮನೆಯನ್ನು ಸೀಸೆಯಪ್ಪನವರು ಒಂದು ಕ್ಷಣ ಕಲ್ಪಿಸಿಕೊಂಡರು. ಟೇಪಿನ ಸುದ್ದಿ ಇನ್ನು ಎತ್ತಬಾರದು ಎಂದು ಅಲ್ಲೇ ತೀರ್ಮಾನಿಸಿದರು.

ಅಳತೆ ತೆಗೆಯುವ ದಿನ ಬ್ಯಾಂಡಿನವರೆಲ್ಲ ಅಂಗಡಿಯ ಮುಂದೆ ಸಾಲು ನಿಂತರು. ಕೊಳಲಿನವನು ಕಡ್ಡಿಯಂತೆ ಸಣ್ಣ, ಉದ್ದ. ಎಲ್ಲಕ್ಕಿಂತ ದೊಡ್ಡ ಕಹಳೆ ಊದುವವನನ್ನು ಅವರೊಳಗೇ ಗುಡಾಣ ಎಂದು ಕರೆಯುತ್ತಿದ್ದರು, ಯಾಕೆಂದು ನೋಡಿದರೆ ಸಾಕು, ಕೇಳಬೇಕಾಗಿರಲಿಲ್ಲ. ಟೈಲರಮ್ಮ ಹಳದಿ ಟೇಪನ್ನು ಒಬ್ಬೊಬ್ಬರ ಎದೆಗೆ, ತೋಳಿಗೆ ಹಿಡಿದು ಸಂಖ್ಯೆ ಕೂಗುತ್ತಿದ್ದರು, ತಮ್ಮ ಬರೆದುಕೊಳ್ಳುತ್ತಿದ್ದ. ಸೀಸೆಯಪ್ಪನವರು ಮೂಲೆಯಲ್ಲಿ ಕೂತು ಪ್ರತಿ ಸಂಖ್ಯೆಗೂ ಮನಸ್ಸಿನಲ್ಲೇ ಒಂದೂವರೆ, ಒಂದೂ ಕಾಲು ಎಂದು ಸೇರಿಸಿಕೊಳ್ಳುತ್ತ, ತುಟಿ ಮಾತ್ರ ಬಿಚ್ಚಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ ಉಗುಳಲೂ ಆಗದೆ ನುಂಗಲೂ ಆಗದೆ ಒದ್ದಾಡಿದರು. ಕತ್ತರಿಸುವುದೂ ಅದೇ ಟೇಪಿನಲ್ಲಿ ತಾನೇ, ಸರಿಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡರು.

ಅದೇ ವಾರ ಆಫೀಸಿನಲ್ಲಿ ಒಂದು ಗಲಾಟೆ. ಹೊಸದಾಗಿ ಸೇರಿದವರೊಬ್ಬರು ಒಂದು ಗುಡ್ಡದ ಕಲ್ಲುಗಳನ್ನು ಅಳೆದು, ಅರ್ಧ ಫಲಿತಾಂಶವನ್ನು ಸೀಸೆಯ ಹಳೆಯ ಸಂಖ್ಯೆಗೆ, ಇನ್ನರ್ಧವನ್ನು ಹೊಸ ಸಂಖ್ಯೆಗೆ ಹೊಂದಿಸಿಬಿಟ್ಟಿದ್ದರು. ಗುಡ್ಡದ ನಡುವೆ ಗೆರೆ ಎಳೆದಂತೆ ಈಚೆಯ ಕಲ್ಲಿಗೂ ಆಚೆಯ ಕಲ್ಲಿಗೂ ತಾಳೆಯೇ ಇಲ್ಲ. ಮುಖ್ಯಸ್ಥರು ಹೊಸ ಖನಿಜ ಸಿಕ್ಕಿತೆಂದು ಕುಣಿಯಲು ಶುರುಮಾಡಿದ್ದರು. ಸೀಸೆಯಪ್ಪನವರು ಎಲ್ಲರನ್ನೂ ಕೂರಿಸಿ ಪಾಠ ಮಾಡಿದರು. "ಕಲ್ಲು ಕಲ್ಲಿಗೂ ವ್ಯತ್ಯಾಸ ಇರುತ್ತೆ, ಅದು ಪ್ರಕೃತಿ. ಆದ್ರೆ ಆ ವ್ಯತ್ಯಾಸಕ್ಕೆ ಶಿಸ್ತು ಇರಲ್ಲ, ಒಂದೊಂದು ಒಂದೊಂದು ಥರ. ಎಲ್ಲಾ ಕಲ್ಲೂ ಒಂದೇ ಪ್ರಮಾಣದಲ್ಲಿ ತಪ್ಪಿದ್ರೆ ತಪ್ಪು ಕಲ್ಲಿಂದಲ್ಲ, ಸ್ಟ್ಯಾಂಡರ್ಡಿಂದು. ನಡುವೆ ಯಾರೋ ಅದನ್ನ ಬದಲಾಯಿಸಿದ್ದಾರೆ ಅಂತ ಅರ್ಥ." ಎಲ್ಲರೂ ತಲೆದೂಗಿದರು. ಕುಣಿತ ನಿಂತಿತು.

ಮನೆಗೆ ಬಂದವರು ಖುಷಿಯಲ್ಲಿ ಇದನ್ನೆಲ್ಲ ಹೆಂಡತಿಗೆ ಹೇಳಿ, ಕೊನೆಗೆ ಮೊಳೆಯ ಕಡೆ ಒಮ್ಮೆ ನೋಡಿ, "ಅಲ್ಲಾದ್ರೂ ನನ್ನ ಮಾತು ಕೇಳ್ತಾರೆ," ಎಂದರು. ಚುಚ್ಚಬೇಕೆಂದು ಹೇಳಿದ್ದಲ್ಲ, ಬಾಯಿಜಾರಿ ಬಂದದ್ದು. ಟೈಲರಮ್ಮ ಉತ್ತರ ಕೊಡದೆ ಒಳಗೆ ಹೋದರು. ಉತ್ತರ ಕೊಡದ ಹೆಂಡತಿಯನ್ನು ಕಂಡು ಅವರಿಗೆ ಆಶ್ಚರ್ಯವಾಯಿತು, ಆದರೆ ಯಾಕೆಂದು ಯೋಚಿಸಲಿಲ್ಲ.

ಕೋಟು ತೊಟ್ಟು ನೋಡುವ ದಿನ ಬಂತು. ಉದ್ಘಾಟನೆಗೆ ಮೂರೇ ದಿನ ಉಳಿದಿತ್ತು. ಅಂಗಡಿಯ ಮುಂದಿನ ಜಗಲಿಯ ಮೇಲೆ ಬ್ಯಾಂಡಿನವರು ಕೆಂಪು ಕೋಟು ಹಾಕಿಕೊಂಡು, ಹಿತ್ತಾಳೆ ಗುಂಡಿಗಳನ್ನು ಉಸಿರು ಬಿಗಿಹಿಡಿದು ಹಾಕಿಕೊಂಡು ನಿಂತರು. ನಿಂತಷ್ಟು ಹೊತ್ತು ಚೆನ್ನಾಗಿಯೇ ಕಂಡರು. ಬೀದಿಯ ಜನ ನೋಡಲು ನೆರೆದರು. ಎದುರಿನ ಗಾಜಿನ ಬಾಗಿಲಿನ ಹಿಂದೆಯೂ ಒಂದು ಮುಖ ಕಾಣಿಸಿತು.

"ಒಂದು ಸಲ ಊದೇಬಿಡೋಣ," ಎಂದರು ಬ್ಯಾಂಡ್ ಮಾಸ್ಟರು, ಕೈ ಎತ್ತಿ.

ಎಲ್ಲರೂ ಒಟ್ಟಿಗೆ ಎದೆ ತುಂಬ ಉಸಿರೆಳೆದುಕೊಂಡರು. ಮೊದಲು ಗುಡಾಣನ ನಡುಗುಂಡಿ ಹಾರಿತು. ಅದು ಟಣ್ಣೆಂದು ಟೈಲರಮ್ಮನ ತಮ್ಮನ ಡ್ರಮ್ಮಿಗೆ ಬಡಿದು, ಆ ಬೆಳಿಗ್ಗೆಯ ಮೊದಲ ನಾದ ಹೊರಟಿತು. ಹಿಂದೆಯೇ ಒಂದೊಂದಾಗಿ ಉಳಿದವರ ಗುಂಡಿಗಳೂ ಕಿತ್ತುಬಂದವು. ಒಬ್ಬನ ಬೆನ್ನು ಪರ್ರೆಂದಿತು. ಕೈ ಎತ್ತಿದ್ದ ಮಾಸ್ಟರ ಸ್ವಂತ ಕೋಟಿನ ಕಂಕುಳು ಬಿಟ್ಟುಕೊಂಡು, ಅವರು ಎತ್ತಿದ ಕೈಯನ್ನು ಇಳಿಸಲಾರದೆ ಹಾಗೇ ನಿಂತರು. ಕೊಳಲಿನ ಕಡ್ಡಿಯೊಬ್ಬನೇ ಸುಖವಾಗಿ ಊದುತ್ತಿದ್ದ, ಆದರೆ ಅವನ ಮಣಿಕಟ್ಟುಗಳು ತೋಳಿನಿಂದ ಹೊರಗೆ ಬಂದು ಗಾಳಿ ಕುಡಿಯುತ್ತಿದ್ದವು. ಬೀದಿ ಬಿದ್ದುಬಿದ್ದು ನಕ್ಕಿತು.

"ಇದೇನಮ್ಮಾ ಇದು? ಕೋಟು ಹೊಲಿ ಅಂದ್ರೆ ದಿಂಬಿನ ಚೀಲ ಹೊಲಿದಿದ್ದೀರಾ?" ಎಂದು ಮಾಸ್ಟರು ಎತ್ತಿದ ಕೈಯಲ್ಲೇ ಗುಡುಗಿದರು.

ಟೈಲರಮ್ಮನ ಮುಖ ಬಿಳಿಚಿಕೊಂಡಿತು. ಆದರೆ ಬಾಯಿ ಸೋಲಲಿಲ್ಲ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ಅಳತೆ ಕೊಟ್ಟು ಹೋದ್ಮೇಲೆ ನೀವೆಲ್ಲ ಏನೇನು ತಿಂದ್ರೋ ಯಾರಿಗೆ ಗೊತ್ತು!"

"ಒಂದೇ ವಾರದಲ್ಲಿ ಇಡೀ ಬ್ಯಾಂಡು ದಪ್ಪ ಆಗುತ್ತಾ?"

"ಬಟ್ಟೆ ಕುಗ್ಗಿರ್ಬೇಕು," ಎಂದ ತಮ್ಮ, ನಡುವೆ ಬಂದು.

"ನೆನೆಸಿ ಒಣಗಿಸಿದ ಮೇಲೇ ಕತ್ತರಿಸಿದ್ದು ಕಣೋ. ನಂಗೆ ಹೇಳಿಕೊಡ್ತೀಯಾ?"

"ಆಯ್ತಮ್ಮ, ಜಗಳ ಬೇಡ," ಎಂದರು ಮಾಸ್ಟರು, ಎದುರಿನ ಅಂಗಡಿಯತ್ತ ತಿರುಗುತ್ತ. "ಅಲ್ಲಿ ರೆಡಿಮೇಡ್ ಕೋಟು ನೇತಾಡ್ತಿವೆ. ಕೆಂಪು ಇಲ್ದಿದ್ರೆ ನೀಲಿ."

ಟೈಲರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಸೀಸೆಯಪ್ಪನವರಿಗೆ ತಮ್ಮ ಎದೆಯನ್ನೇ ಯಾರೋ ಬಿಗಿಯಾದ ಕೋಟಿನಲ್ಲಿ ತುರುಕಿದಂತಾಯಿತು.

"ಒಂದು ನಿಮಿಷ ಮಾಸ್ಟ್ರೇ," ಎಂದರು. "ದಪ್ಪ ಆದ್ರೆ ಹೊಟ್ಟೆ ಬೆಳೆಯುತ್ತೆ, ಒಪ್ಪೋಣ. ಕೈ ಬೆಳೆಯುತ್ತಾ?" ಎಂದು ಕೊಳಲಿನವನ ಮಣಿಕಟ್ಟು ಎತ್ತಿ ತೋರಿಸಿದರು. ಆಮೇಲೆ ಬೆಲ್ಟಿನಲ್ಲಿದ್ದ ಉಕ್ಕಿನ ಅಳತೆಪಟ್ಟಿ ಬಿಚ್ಚಿ ಎಲ್ಲರ ಮೈಯನ್ನೂ ಕೋಟನ್ನೂ ಅಳೆಯತೊಡಗಿದರು. ಗುಡಾಣನಿಗೆ ಸುಮಾರು ಎರಡಿಂಚು ಸಾಲದು. ಮಾಸ್ಟರಿಗೆ ಒಂದೂವರೆ. ತೆಳ್ಳಗಿರುವವರಿಗೆ ಒಂದರ ಹತ್ತಿರ, ತೋಳಿನಲ್ಲಿ ಎಲ್ಲರಿಗೂ ಮುಕ್ಕಾಲರಿಂದ ಒಂದು. ಜಗಲಿಯ ಮೇಲೆ ಕೂತು, ಹೊಲಿಗೆಯ ಸೀಮೆಸುಣ್ಣದ ತುಂಡಿನಿಂದ ನೆಲದ ಮೇಲೆ ಭಾಗಿಸಿ ನೋಡಿದರು. ದೊಡ್ಡವರಿಗೆ ದೊಡ್ಡ ತಪ್ಪು, ಸಣ್ಣವರಿಗೆ ಸಣ್ಣ ತಪ್ಪು, ಪ್ರಮಾಣ ಮಾತ್ರ ಎಲ್ಲರಿಗೂ ಒಂದೇ.

ಅವರು ಮೆಲ್ಲನೆ ತಲೆಯೆತ್ತಿದರು. "ತಪ್ಪು ಮೈದಲ್ಲ, ಬಟ್ಟೇದೂ ಅಲ್ಲ. ನಡುವೆ ಟೇಪು ಬದಲಾಗಿದೆ," ಎಂದರು. "ಆದ್ರೆ ಅದು ಸಾಧ್ಯನೇ ಇಲ್ಲ. ಇವಳು ಹೊಸದನ್ನ ಮುಟ್ಟೋದಿಲ್ಲ ಅಂತ..."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಟೈಲರಮ್ಮ ಕೊರಳಲ್ಲಿದ್ದ ಹಳದಿ ಟೇಪನ್ನು ಮುಟ್ಟಿಕೊಂಡರು. ಸೀಸೆಯಪ್ಪನವರು ಎದ್ದು ಒಳಗೆ ಹೋಗಿ ಮೊಳೆಯಿಂದ ಕವರು ತೆಗೆದರು. ಟೇಪು ಅಚ್ಚುಕಟ್ಟಾಗಿ ಸುತ್ತಿಕೊಂಡಿತ್ತು. ಬಿಡಿಸಿದರು. ಉದ್ದಕ್ಕೂ ನೀಲಿ ಸೀಮೆಸುಣ್ಣದ ಗುರುತುಗಳು.

ಟೈಲರಮ್ಮ ಹಿಂದೆಯೇ ಬಂದು ನಿಂತಿದ್ದರು. ಹೊರಗಿನವರಿಗೆ ಕೇಳದ ದನಿಯಲ್ಲಿ ಹೇಳಿದರು, "ಅವತ್ತು ನೀವು, ಅಲ್ಲಾದ್ರೂ ನನ್ನ ಮಾತು ಕೇಳ್ತಾರೆ ಅಂದ್ರಲ್ಲ. ರಾತ್ರಿಯೆಲ್ಲ ಅದೇ ಕೊರೀತಿತ್ತು. ಪಾಪ, ಎಷ್ಟು ಆಸೆಯಿಂದ ತಂದಿದ್ರಿ. ಸರಿ, ಕತ್ತರಿಸೋದಾದ್ರೂ ನಿಮ್ಮ ಟೇಪಲ್ಲಿ ಮಾಡೋಣ ಅಂತ... ಹೇಳಿದ್ರೆ ಸೋತ ಹಾಗಾಗುತ್ತೆ ಅಂತ ಹೇಳ್ಲಿಲ್ಲ." ಆಕೆಯ ಕಣ್ಣು ತುಂಬಿಕೊಂಡಿತ್ತು.

ಇಷ್ಟು ವರ್ಷ ಯಂತ್ರಕ್ಕೆ ಹತ್ತಿದ ಧೂಳು ಕಂಡರೆ ಉರಿದುಬೀಳುತ್ತಿದ್ದ ಸೀಸೆಯಪ್ಪನವರಿಗೆ ಆ ನೀಲಿ ಸುಣ್ಣದ ಗುರುತುಗಳು ಮುದ್ದಾಗಿ ಕಂಡವು. ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

"ಏನ್ ಸಾರ್, ಸಿಕ್ತಾ ಕಳ್ಳ?" ಎಂದು ಮಾಸ್ಟರು ಹೊರಗಿನಿಂದ ಕೂಗಿದರು.

ತಪ್ಪಿನ ಮೂಲ ಸಿಕ್ಕರೆ ಎಳ್ಳಷ್ಟೂ ಮುಚ್ಚಿಡದೆ ಹೇಳುವುದು ಸೀಸೆಯಪ್ಪನವರ ಕಸುಬಿನ ಧರ್ಮ. ಅವರು ಜಗಲಿಗೆ ಬಂದು, ಟೇಪನ್ನು ಎತ್ತಿ ಹಿಡಿದು ಹೇಳಿದರು, "ಸಿಕ್ತು. ಹೊಲಿದವಳ ಕೈಯಲ್ಲಿ ತಪ್ಪಿಲ್ಲ. ತಪ್ಪು ಈ ಟೇಪಿಂದು. ಇದನ್ನ ತಂದು ಇಲ್ಲಿ ನೇತುಹಾಕಿಸಿದವನು ನಾನು."

"ಅಂದ್ರೆ ಈ ಟೇಪು ಸುಳ್ಳಾ?"

"ಇಲ್ಲ ಮಾಸ್ಟ್ರೇ. ಇದು ಸರಿಯಾಗಿದೆ. ಅದೇ ತೊಂದರೆ."

ಮಾಸ್ಟರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಗಂಡಸೊಬ್ಬ ಬೀದಿಯ ನಡುವೆ ತಪ್ಪು ತನ್ನದು ಎಂದದ್ದು ಮಾತ್ರ ಅರ್ಥವಾಗಿ, ಮನಸ್ಸು ಸ್ವಲ್ಪ ಮೆತ್ತಗಾಯಿತು. ತಮ್ಮನೂ, "ಅಕ್ಕ ಮಾಡ್ಕೊಡ್ತಾಳೆ ಬಿಡಿ, ನಮ್ಮ ಭಾವ ಬೇರೆ ಇದ್ದಾರೆ," ಎಂದು ಅಂಗಲಾಚಿದ, ಕಾಲಿಗೆ ಬೀಳುವುದೊಂದು ಬಾಕಿ. ಉದ್ಘಾಟನೆಯ ಹಿಂದಿನ ಸಂಜೆಯವರೆಗೆ ಗಡುವು ಸಿಕ್ಕಿತು. ಆಗಲೂ ಗುಂಡಿ ಹಾರಿದರೆ ನೀಲಿ ಕೋಟು.

ಸೀಸೆಯಪ್ಪನವರು ಆಫೀಸಿಗೆ ರಜೆ ಹಾಕಿದರು. ಟೈಲರಮ್ಮನಿಗೆ ಮೊದಲಿನಿಂದ ಒಂದು ಅಭ್ಯಾಸ, ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಡುವುದು. "ಮನುಷ್ಯರು ಬೆಳೀತಾರೆ, ಬಟ್ಟೆ ಬೆಳೆಯಲ್ಲ," ಎನ್ನುತ್ತಿದ್ದರು. ಅದೇ ಈಗ ಕಾಪಾಡಿತು. ಯಾರ ಮೈಯನ್ನೂ ಮತ್ತೆ ಅಳೆಯುವ ಗೋಜಿರಲಿಲ್ಲ. ಪ್ರಮಾಣ ಗೊತ್ತಿತ್ತಲ್ಲ, ಸೀಸೆಯಪ್ಪನವರು ಕೂತಲ್ಲೇ ಗುಣಿಸಿ, "ಇವರಿಗೆ ಒಂದೂವರೆ ಬಿಡು, ಇವರಿಗೆ ಒಂದೂ ಕಾಲು," ಎಂದು ಹೇಳುತ್ತಿದ್ದರು. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಚಿಮುಟದಿಂದ ಹೊಲಿಗೆಯ ಒಂದೊಂದೇ ನೂಲನ್ನು ಎಳೆದು ಬಿಚ್ಚುವ ಕೆಲಸವೂ ಅವರದೇ.

"ಒಂದು ಕೋಟಿಗೆ ಒಂದು ಯುಗ ಮಾಡ್ತೀರಲ್ಲ! ಬ್ಲೇಡ್ ಹಾಕಿ ಸರ್ರಂತ ಎಳೀರಿ," ಎಂದು ಟೈಲರಮ್ಮ ಮೆಷಿನ್ನಿನ ಮೇಲಿನಿಂದಲೇ ರೇಗಿದರು. ಗಂಟಲು ಮತ್ತೆ ಗಟ್ಟಿಯಾದದ್ದನ್ನು ಕೇಳಿ ಸೀಸೆಯಪ್ಪನವರಿಗೆ ಹಿತವಾಯಿತು.

ಗುಡಾಣನ ಕೋಟಿಗೆ ಮಾತ್ರ ಒಳಬಟ್ಟೆಯೂ ಸಾಲಲಿಲ್ಲ. ಕೆಂಪು ಬಟ್ಟೆ ಮುಗಿದಿತ್ತು. ಎರಡು ಕಂಕುಳ ಕೆಳಗೂ ಕಪ್ಪು ಪಟ್ಟಿ ಸೇರಿಸಿ, "ನೀನು ಕೈ ಮಾತ್ರ ಎತ್ತಬೇಡಪ್ಪಾ," ಎಂದು ಬುದ್ಧಿ ಹೇಳಿ ಕಳಿಸಿದರು. ಗಡುವಿನ ಸಂಜೆ ಮಾಸ್ಟರು ಎಲ್ಲರಿಗೂ ಒಂದು ಸಲ ಉಸಿರೆಳೆಸಿ ನೋಡಿ, ಗುಂಡಿಗಳನ್ನು ಬೆರಳಿನಿಂದ ಅಲುಗಾಡಿಸಿ, ಕೋಟುಗಳನ್ನು ತೆಗೆದುಕೊಂಡು ಹೋದರು.

ಉದ್ಘಾಟನೆಯ ದಿನ ಗಂಡ ಹೆಂಡತಿ ನಿಲ್ದಾಣದ ಕಂಬವೊಂದರ ಪಕ್ಕ ನಿಂತಿದ್ದರು. ಮಾಸ್ಟರು ಕೈ ಎತ್ತಿದರು. ಬ್ಯಾಂಡು ಉಸಿರೆಳೆದುಕೊಂಡಿತು, ಇವರಿಬ್ಬರೂ ಜೊತೆಗೆ ಎಳೆದುಕೊಂಡರು. ಎಳೆದುಕೊಂಡದ್ದನ್ನು ಬಿಟ್ಟದ್ದು ಹಾಡು ಮುಗಿದ ಮೇಲೆಯೇ. ಒಂದು ಗುಂಡಿಯೂ ಅಲ್ಲಾಡಲಿಲ್ಲ. ಜನ ಚಪ್ಪಾಳೆ ತಟ್ಟಿದಾಗ ಗುಡಾಣ ಕೊಟ್ಟ ಮಾತು ಮರೆತು ಎರಡೂ ಕೈ ಎತ್ತಿಬಿಟ್ಟ. ಕಪ್ಪು ಪಟ್ಟಿ ಕಂಡಿತು. ಅದು ಹೊಸ ಫ್ಯಾಷನ್ನೆಂದು ತಿಳಿದ ಮಾಸ್ಟರು ಸಂಜೆ ಬಂದು, "ಉಳಿದವರಿಗೂ ಆ ಪಟ್ಟಿ ಹಾಕಿ, ಪ್ಯಾಂಟೂ ನೀವೇ ಹೊಲಿದುಬಿಡಿ," ಎಂದರು. ಟೈಲರಮ್ಮ ಅಳತೆಗೆ ಯಾವತ್ತು ಬರುತ್ತೀರೆಂದು ಬಿಗುಮಾನದಿಂದಲೇ ಕೇಳಿದರು. ಅವರು ಹೋದ ಮೇಲೆ ಮೆಷಿನ್ನಿನ ಮುಂದೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಷಟರು ಎಳೆಯುವ ಮಾತು ಮತ್ತೆ ಬರಲಿಲ್ಲ.

"ಈಗ ಹೇಳಿ, ಪ್ಯಾಂಟಿಗೆ ಯಾವ ಟೇಪು?" ಎಂದು ಆಮೇಲೆ ಗಂಡನನ್ನು ಕೇಳಿದರು.

"ಯಾವುದಾದ್ರೂ ಸರಿ. ಎರಡೂ ಕಡೆ ಒಂದೇ ಇರ್ಲಿ." ಸೀಸೆಯಪ್ಪನವರು ಸಂಕೋಚದಿಂದ ಸೇರಿಸಿದರು, "ನಂಗೂ ಒಂದು ಶರ್ಟು ಹೊಲಿದುಕೊಡು. ನನ್ನನ್ನ ಮಾತ್ರ ಹಳೇ ಟೇಪಲ್ಲೇ ಅಳೆ."

ಟೈಲರಮ್ಮ ನಕ್ಕುಬಿಟ್ಟರು. "ನಿಮ್ಮನ್ನ ನಾನು ಯಾವತ್ತಾದ್ರೂ ಟೇಪಲ್ಲಿ ಅಳೆದಿದ್ದೀನೇನ್ರೀ?"

ಸೀಸೆಯಪ್ಪನವರು ಯೋಚಿಸಿದರು. ಮದುವೆಯಾದಾಗಿನಿಂದ ಅವರು ತೊಟ್ಟದ್ದು ಆಕೆ ಹೊಲಿದ ಶರ್ಟುಗಳನ್ನೇ. ಒಂದೂ ಬಿಗಿಯಾದದ್ದಿಲ್ಲ, ಸಡಿಲವಾದದ್ದಿಲ್ಲ. ಆದರೆ ಅಳತೆಗೆಂದು ಕೈ ಎತ್ತಿ ನಿಂತ ನೆನಪೇ ಇಲ್ಲ. ಅಳತೆಯ ಹೆಸರಿನಲ್ಲಿ ಬದುಕಿದ ಮನುಷ್ಯ, ಇದನ್ನು ಒಂದು ದಿನವೂ ಕೇಳಿರಲಿಲ್ಲ.

ಟೈಲರಮ್ಮ ಒಳಗಿನ ಬೀರುವಿನ ಬೀಗ ತೆಗೆದು, ತಳದಿಂದ ಬಿಳಿ ಬಟ್ಟೆಯ ಗಂಟೊಂದನ್ನು ತಂದು ಮೇಜಿನ ಮೇಲೆ ಬಿಚ್ಚಿದರು. ಒಳಗೆ ಒಂದು ತಿಳಿನೀಲಿ ಶರ್ಟು. ಮದುವೆಯಾದ ಹೊಸದರಲ್ಲಿ ಆಕೆ ಹೊಲಿದುಕೊಟ್ಟ ಮೊದಲ ಶರ್ಟು. ಅದು ಎಂದೋ ಹರಿದು ನೆಲ ಒರೆಸುವ ಬಟ್ಟೆಯಾಗಿರಬೇಕು ಎಂದು ಅವರು ತಿಳಿದಿದ್ದರು. ನಾಲ್ಕು ಸಲ ತೊಟ್ಟಿದ್ದರೇನೋ, ಆಮೇಲೆ ಕಾಣೆಯಾಗಿತ್ತು.

"ನಾನೇ ತೆಗೆದಿಟ್ಟೆ. ಪ್ರತಿ ಸಲ ಇದನ್ನೇ ಬಟ್ಟೆ ಮೇಲೆ ಹಾಸಿ ನಿಮ್ಮ ಶರ್ಟು ಕತ್ತರಿಸ್ತೀನಿ. ಹೊಟ್ಟೆ ಹತ್ರ ಮಾತ್ರ ವರ್ಷ ಹೋದ ಹಾಗೆ ಒಂದೊಂದು ಬೆರಳು ಜಾಸ್ತಿ ಬಿಡ್ತಾ ಬಂದೆ, ಭುಜದ ಹತ್ರ ಈಚೆಗೆ ಸ್ವಲ್ಪ ಕಮ್ಮಿ. ಶರ್ಟು ಇದ್ದ ಹಾಗೇ ಇದೆ ನೋಡಿ, ಬದಲಾಗಿದ್ದು ನೀವು."

ಸೀಸೆಯಪ್ಪನವರು ಮೇಜಿನ ಹತ್ತಿರ ಬಂದರು. ತಮಗಾಗಿ ಇಂಥದ್ದೊಂದನ್ನು ಬೀಗ ಹಾಕಿ ಇಟ್ಟಿದ್ದಾಳೆ, ಅದನ್ನು ಒಂದು ಸಲ ಮುಟ್ಟಿ ನೋಡಬೇಕೆನಿಸಿ ಕೈ ಚಾಚಿದರು.

"ಮುಟ್ಟಿದ್ರೆ ಕೈ ಮುರೀತೀನಿ," ಎಂದರು ಟೈಲರಮ್ಮ.

ಸೀಸೆಯಪ್ಪನವರು ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು, ಬಗ್ಗಿ ನೋಡಿದರು.